ಡೇರಿಯಿಂದ ಆಚೆಗೆ

ವನಜಾ ಒದ್ದೆ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಗಾಜಿನ ಮೇಲೆ ಅಂಟಿದ್ದ ಸತ್ತ ಹುಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಅಂಗೈ ಅಗಲದ ಡಬ್ಬಿ ಅದು. ಮೊಬೈಲಿಗಿಂತ ದಪ್ಪ, ಅಂಚಿಗೆಲ್ಲ ಕಪ್ಪು ರಬ್ಬರು. ರಬ್ಬರಿನ ಸಂದಿಯಲ್ಲಿ ಕೂತಿದ್ದ ಕೆಂಧೂಳನ್ನು ಪೊರಕೆಯ ಹಂಚಿಕಡ್ಡಿಯಿಂದ ಮೀಟಿ ತೆಗೆದಳು. ಪಕ್ಕದ ಮಂಚದ ಮೇಲೆ ಅಣ್ಣ ಸಿದ್ದೇಶ್ ಮಂಡಿಗೆ ದಪ್ಪ ಪಟ್ಟಿ ಸುತ್ತಿಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಎರಡು ದಿನದ ಹಿಂದೆ ಮದ್ದೂರಿನ ಹತ್ತಿರ ಕಬ್ಬಿನ ಲಾರಿಯಿಂದ ಬಿದ್ದ ಸೋಗೆಯ ಮೇಲೆ ಬೈಕು ಜಾರಿ ಅವನು ಮಂಡಿ ತಿರುಚಿಕೊಂಡಿದ್ದ. ಡಬ್ಬಿಗೆ ಮಾತ್ರ ಒಂದು ಗೀರೂ ಆಗಿರಲಿಲ್ಲ.

ಅದು ಬೈಕಿಗೆಂದೇ ಮಾಡಿದ ಜಿಪಿಎಸ್ಸು. ಮಳೆಗೆ ನೆನೆದರೂ ಕೆಡುವುದಿಲ್ಲ. ಗ್ಲೌಸು ಹಾಕಿಕೊಂಡೇ ಒತ್ತಬಹುದು. ಮೊಬೈಲಿಗೆ ಸಿಗ್ನಲ್ ಸಿಗದ ಕಾಡಿನಲ್ಲೂ ಎತ್ತ ತಿರುಗಬೇಕೆಂದು ತೋರಿಸುತ್ತದೆ. ಅಣ್ಣ ಅದನ್ನು ತಂದ ದಿನ ಅವ್ವ ಮುದ್ದಮ್ಮ ಹಣೆ ಚಚ್ಚಿಕೊಂಡಿದ್ದಳು.

"ಬಾಯಿ ಬುಟ್ರೆ ದಾರಿ ಸಿಕ್ತದೆ. ಅದುಕ್ಕೊಂದು ಡಬ್ಬಿ ಬೇಕಾಗಿತ್ತೇನ್ಲಾ?"

"ಬಾಯಿ ಬುಟ್ರೆ ದಾರಿಗಿಂತ ಮುಂಚೆ ಇನ್ನೇನೇನೋ ಸಿಕ್ತದೆ ಕನವ್ವ," ಎಂದಿದ್ದ ಸಿದ್ದೇಶ್.

ಅವ್ವನಿಗೆ ಅರ್ಥವಾಗಲಿಲ್ಲ. ವನಜಾಳಿಗೆ ಆಗಿತ್ತು. ಆ ತಿಂಗಳ ಮೊದಲಲ್ಲಿ ಅವಳೇ ಬೈಕಿನ ಹಿಂದೆ ಕೂತು ಮಳವಳ್ಳಿಯಿಂದ ಆಚೆ, ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದಳು. ಊರು ಹೊಸದು. ಜಗಲಿಯ ಮೇಲೆ ಕೂತಿದ್ದ ಯಜಮಾನನನ್ನು ಅಣ್ಣ ದಾರಿ ಕೇಳಿದ. ಹೆಲ್ಮೆಟ್ಟು, ಜಾಕೆಟ್ಟು ನೋಡಿ ಯಜಮಾನ ದಡಬಡ ಎದ್ದು ನಿಂತಿದ್ದ. "ಯಾರ ಮನ್ಗೆ ಸ್ವಾಮಿ? ತಾವು ಯಾರ ಪೈಕಿ?" ಅಣ್ಣ ಹೇಳಿದ. ಯಜಮಾನ ಎದ್ದಷ್ಟೇ ಬೇಗ ಕೂತುಕೊಂಡ. ತೋರಿಸಲು ಎತ್ತಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಗದ್ದದಲ್ಲೇ ದಿಕ್ಕು ತೋರಿಸಿದ. "ಗುಡಿ ಮುಂದ್ಲಿಂದ ಬ್ಯಾಡ. ಕೆರೆ ಮ್ಯಾಲಾಸಿ ಸುತ್ಕೊಂಡು ಓಗಿ." ಅವರು ಸುತ್ತಿಕೊಂಡೇ ಹೋದರು.

ಡಬ್ಬಿ ಬಂದ ಮೇಲೆ ಅವನು ಯಾವ ಊರಿನಲ್ಲೂ ಯಾರನ್ನೂ ಏನೂ ಕೇಳಲಿಲ್ಲ. "ಇದು ಏನೂ ಕೇಳಾಕಿಲ್ಲ ಕನೆ ವನಜಾ, ಬರೀ ಏಳ್ತದೆ," ಎಂದು ಒಮ್ಮೆ ನಕ್ಕಿದ್ದ.

ಆ ಡಬ್ಬಿಯ ದೆಸೆಯಿಂದಲೇ ಅವನಿಗೆ ಭಾನುವಾರದ ಗೆಳೆಯರೂ ಸಿಕ್ಕಿದ್ದರು. ಮಂಡ್ಯದ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಅವನು ವಾರವೆಲ್ಲ ಫೈಲಿನ ಮುಂದೆ ತಲೆ ತಗ್ಗಿಸಿ ಕೂರುವವನು, ಭಾನುವಾರ ಮಾತ್ರ ಏಳೆಂಟು ಬೈಕುಗಳ ಮುಂದೆ ತಲೆಯೆತ್ತಿ ಹೋಗುತ್ತಿದ್ದ. ಡಬ್ಬಿ ಇದ್ದವನೇ ಮುಂದಾಳು. ಮದ್ದೂರಿನ ಸಂತೋಷ್, ಕೆರಗೋಡಿನ ಅಪ್ಪು ಅವನಿಗೆ ಬಲಗೈ ಎಡಗೈ ಇದ್ದಂತೆ. ಬೆಳಿಗ್ಗೆ ನಿಡಘಟ್ಟದಲ್ಲಿ ಸೇರಿ ಇಡ್ಲಿ ತಿಂದು ಹೊರಟರೆ ಕತ್ತಲಾಗುವ ಹೊತ್ತಿಗೆ ವಾಪಸ್ಸು. ಬರುವಾಗ ತಮ್ಮೂರಿಗೆ ತಿರುಗುವ ಹುಣಸೇಕೊಪ್ಪಲು ಗೇಟಿನಲ್ಲಿ "ನಾನಿಲ್ಲೇ ಕಟ್ ಆಯ್ತೀನಿ ಕಣ್ರಪ್ಪಾ" ಎಂದು ಕೈಬೀಸಿ ಒಬ್ಬನೇ ಒಳದಾರಿ ಹಿಡಿಯುತ್ತಿದ್ದ. ಅವರ್ಯಾರೂ ಊರೊಳಗೆ ಬಂದವರಲ್ಲ. ಯಾರೋ ಒಂದು ಸಲ ಅವನನ್ನು 'ಸಿದ್ದೇಗೌಡ್ರು' ಎಂದು ಕರೆದಾಗ ನಕ್ಕು ಸುಮ್ಮನಾಗಿದ್ದನಂತೆ. ಅದನ್ನು ಅವನೇ ಹೇಳಿದ್ದ, ಊಟ ಮಾಡುತ್ತಾ, ತಟ್ಟೆ ನೋಡಿಕೊಂಡು.

ಮಂಚದ ಮೇಲಿದ್ದ ಮೊಬೈಲು ಬಡಿದುಕೊಂಡಿತು. ಅಣ್ಣ ಸ್ಪೀಕರಿಗೆ ಹಾಕಿದ.

"ಏನ್ಲಾ ಸಿದ್ದ, ಬೆಟ್ಟ ಗುಡ್ಡ ಎಲ್ಲಾ ಸುತ್ತಿ ಕೊನೀಗೆ ಕಬ್ಬಿನ ಸೋಗೆಗೆ ಬಿದ್ದೇನ್ಲಾ? ಮಂಡ್ಯದ ಮಾನ ಕಳ್ದಲ್ಲೋ!" ಸಂತೋಷನ ದನಿ ಮನೆ ತುಂಬಿತು.

"ನಗ್ಲಾ ನಗು. ನಿನ್ ಸರ್ದಿನೂ ಬತ್ತದೆ."

"ನಾಳೆ ಅನೂರು ಕಾಡ್ ಕಡೆ ಓಯ್ತಾ ಇವ್ನಿ, ನಾನೂ ಅಪ್ಪೂನೂ. ಅಲ್ಲಿ ಸಿಗ್ನಲ್ಲು ಇರಾಕಿಲ್ಲ. ನೀನಂತೂ ಬರಾಕಾಗಲ್ಲ, ನಿನ್ ಡಬ್ಬಿನಾದ್ರೂ ಕೊಡು. ನಾನೇ ಬಂದು ಈಸ್ಕೊಳ್ಳಾ?"

"ಬ್ಯಾಡ ಬ್ಯಾಡ," ಅಣ್ಣ ಥಟ್ಟನೆ ಎದ್ದು ಕೂರಲು ಹೋಗಿ ಮಂಡಿ ಹಿಡಿದುಕೊಂಡ. "ಸಂಜೆ ಬಸ್ಸಲ್ಲಿ ಕಂಡಕ್ಟರ್ ಕೈಲಿ ಕಳುಸ್ತೀನಿ. ವಾಪಸ್ಸೂ ಬಸ್ಸಲ್ಲೇ ಕಳ್ಸು."

"ಯಾಕ್ಲಾ, ಬಂದ್ಬುಟ್ರೆ ಎಲ್ಲಿ ನಾಟಿಕೋಳಿ ಸಾರು ಕೇಳ್ತಾನೋ ಅಂತ ಭಯವಾ? ಮೂರು ವರ್ಸದಿಂದ ಕೇಳ್ತಾನೇ ಇವ್ನಿ. ಒಂದಿನ ಏಳ್ದೆ ಕೇಳ್ದೆ ಬಂದು ನಿಮ್ಮವ್ವನ ಕೈಲಿ ಉಂಡ್ಕೊಂಡೇ ಓಗೋದು ನಾನು, ನೋಡ್ತಿರು!"

ಅಣ್ಣ ನಕ್ಕ. ಫೋನಿಟ್ಟ ಮೇಲೆ ಆ ನಗು ಬಹಳ ಹೊತ್ತು ಉಳಿಯಲಿಲ್ಲ.

"ವನಜಾ, ಅದ್ರಲ್ಲಿ 'ಮನೆ' ಅಂತ ಒಂದು ಗುರ್ತು ಅದೆ ನೋಡು. ಅದ ಅಳಿಸ್ಬುಟ್ಟು ಕೊಡು," ಎಂದು ಮತ್ತೆ ಗೋಡೆಗೆ ತಿರುಗಿದ.

ಅವಳು ಡಬ್ಬಿಯನ್ನು ಹಿತ್ತಿಲಿಗೆ ತೆಗೆದುಕೊಂಡು ಹೋದಳು. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವಳಾದರೂ, ಪ್ರತಿ ವಾರ ಒರೆಸಿ ಚಾರ್ಜಿಗೆ ಹಾಕುವಾಗ ಅಣ್ಣನ ಬೆರಳು ನೋಡಿ ನೋಡಿ ಯಾವ ಚಿತ್ರ ಒತ್ತಿದರೆ ಏನಾಗುತ್ತದೆಂದು ಕಲಿತಿದ್ದಳು. ಪುಟ್ಟ ಮನೆಯ ಚಿತ್ರ ಒತ್ತಿದಳು. ಅದು ಹೋಗಿ ನಿಂತದ್ದು ಅವರ ಮನೆಯ ಮುಂದಲ್ಲ, ಊರ ನಡುವಿನ ಹಾಲಿನ ಡೇರಿಯ ಮುಂದೆ. ಅದು ಅವಳಿಗೆ ಗೊತ್ತಿದ್ದದ್ದೇ. ಹಿಂದೊಮ್ಮೆ ಕೇಳಿದ್ದಕ್ಕೆ ಅಣ್ಣ, "ಮ್ಯಾಪಲ್ಲಿ ಡೇರಿಯಿಂದ ಆಚ್ಗೆ ದಾರಿನೇ ಇಲ್ಲ ಕನೆ," ಎಂದಿದ್ದ.

ದಾರಿ ಇರಲಿಲ್ಲ, ನಿಜ. ಬೂದು ಬಣ್ಣದ ರಸ್ತೆ ಡೇರಿಯ ಹತ್ತಿರ ಮುಗಿದುಹೋಗುತ್ತಿತ್ತು. ಅದರಾಚೆ ಬರೀ ಬಯಲು, ಅಲ್ಲಿ ಜನರೇ ಇಲ್ಲವೇನೋ ಎಂಬಂತೆ. ಆದರೆ ಆ ಬಯಲಿನ ಮೇಲೆ ನೇರಳೆ ಬಣ್ಣದ ಒಂದು ಗೆರೆ ಇತ್ತು. ದಿನಾ ಅಣ್ಣ ಹೋಗಿ ಬಂದ ಜಾಡನ್ನು ಡಬ್ಬಿ ತಾನೇ ಬರೆದಿಟ್ಟುಕೊಂಡಿತ್ತು. ಡೇರಿ ದಾಟಿ, ಬಾವಿ ಬಳಸಿ, ಕೇರಿಯ ಹೆಸರು ಬರೆದ ನೀಲಿ ಬೋರ್ಡಿನ ಹತ್ತಿರ ತಿರುಗಿ, ಅವರ ಮನೆ ಮುಂದಿನ ಬೇವಿನ ಮರದ ಬುಡಕ್ಕೆ ಬಂದು ಗೆರೆ ನಿಲ್ಲುತ್ತಿತ್ತು.

ವನಜಾಳ ಬೆರಳು ಅಳಿಸುವ ಚಿತ್ರದ ಮೇಲೆ ಹೋಗಿ ನಿಂತಿತು. ಆಮೇಲೆ ಪಕ್ಕಕ್ಕೆ ಸರಿಯಿತು. ಆ ಪುಟ್ಟ ಮನೆಯನ್ನು ಎತ್ತಿ ಬೇವಿನ ಮರದ ಬುಡದಲ್ಲಿ ಇಟ್ಟಳು. ಮೂರು ವರ್ಷದಿಂದ ಸಾರು ಕೇಳುತ್ತಿರುವವನು, 'ಲೇ ಸಿದ್ದ' ಎಂದು ಅಷ್ಟು ಸಲಿಗೆಯಿಂದ ಕರೆಯುವವನು, ಒಂದು ಸಲ ಬಂದು ಉಂಡು ಹೋದರೆ ಅಣ್ಣ ಗೇಟಿನಲ್ಲಿ ಕೈಬೀಸುವುದು ತಪ್ಪುತ್ತದೆ ಎಂದುಕೊಂಡಳು. ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ, ಗೇಟಿನವರೆಗೆ ನಡೆದುಹೋಗಿ, ಬಸ್ಸಿನ ಕಂಡಕ್ಟರ್ ಪುಟ್ಟರಾಜುವಿನ ಕೈಗೆ ಕೊಟ್ಟು ಬಂದಳು.

ಭಾನುವಾರ ಅವಳೇ ಹುಂಜ ಹಿಡಿದು ಅವ್ವನ ಮುಂದಿಟ್ಟಳು.

"ಏನೇ ಇದು? ಅಬ್ಬ ಇಲ್ಲ ಉಣ್ಮೆ ಇಲ್ಲ, ಉಂಜ ಯಾಕೆ?"

"ಅಣ್ಣಂಗೆ ಕಾಲ್ ನೋವಲ್ವಾ. ಸಾರು ಕುಡುದ್ರೆ ಸಕ್ತಿ ಬತ್ತದೆ."

"ಒಂದ್ ಕಾಲಿಗೆ ಒಂದಿಡೀ ಉಂಜ!" ಎಂದು ಅವ್ವ ಗೊಣಗುತ್ತಲೇ ಕುಡುಗೋಲು ಹುಡುಕಿದಳು.

ಸಾಯಂಕಾಲಕ್ಕೆ ಮಸಾಲೆ ಅರೆದು ಸಾರು ಕುದಿಯಲು ಬಿಟ್ಟಿದ್ದರು. ವನಜಾ ಅಂಗಳಕ್ಕೆ ಎರಡನೇ ಸಲ ನೀರು ಹಾಕಿದಳು. ಇದ್ದ ನಾಲ್ಕು ಸ್ಟೀಲ್ ಲೋಟಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು. ಒಳಗೆ ಮುದ್ದೆಗೆ ಎಸರು ಇಡುವ ಹೊತ್ತಿಗೆ ಬೈಕುಗಳ ಸದ್ದು ಕೇಳಿಸಿತು. ಡೇರಿಯ ಹತ್ತಿರ ಸದ್ದು ನಿಧಾನವಾಯಿತು. ನಿಲ್ಲಲಿಲ್ಲ. ಬಾವಿಯ ಹತ್ತಿರ ಬಂತು. ನೀಲಿ ಬೋರ್ಡಿನ ಹತ್ತಿರ ಮತ್ತೆ ನಿಧಾನವಾಗಿ, ಒಂದು ಗಳಿಗೆ ನಿಂತಿತು. ವನಜಾ ಬಾಗಿಲಿಗೆ ಬಂದಳು. ಸದ್ದು ಮತ್ತೆ ಮುಂದಕ್ಕೆ ಬಂತು.

ಎರಡು ಬೈಕುಗಳು ಬೇವಿನ ಮರದ ಕೆಳಗೆ ನಿಂತವು. ಮುಂದಿನದು ಸಂತೋಷನದು. ಅದರ ಹ್ಯಾಂಡಲ್ಲಿನ ಮೇಲೆ ಡಬ್ಬಿ ಬೆಳಗುತ್ತಿತ್ತು. ಅವನು ಹೆಲ್ಮೆಟ್ಟಿನ ಗಾಜು ಮಾತ್ರ ಮೇಲೆತ್ತಿದ. ಅವನ ಕಣ್ಣು ಬಾಗಿಲ ಮೇಲಿನ ಬಾಬಾಸಾಹೇಬರ ಫೋಟೋಗೆ ಹೋಯಿತು, ಕಿಟಕಿಯಲ್ಲಿದ್ದ ಬುದ್ಧನ ಪುಟ್ಟ ಬೊಂಬೆಗೆ ಹೋಯಿತು, ಆಮೇಲೆ ತನ್ನ ಪೆಟ್ರೋಲ್ ಟ್ಯಾಂಕಿನ ಮೇಲೆ ಬಂದು ಕೂತಿತು. ಇಂಜಿನ್ ಆರಿಸಲಿಲ್ಲ.

"ಆಹಾ, ಏನ್ ಗಮ್ಮಂತದಪ್ಪಾ ಸಾರು!" ಎನ್ನುತ್ತಾ ಹಿಂದಿನ ಬೈಕಿನ ಅಪ್ಪು ಆಗಲೇ ಸ್ಟ್ಯಾಂಡು ಹಾಕಿ ಒಂದು ಕಾಲು ಇಳಿಸಿದ್ದ. ಸಂತೋಷ್ ತಿರುಗಿ ಅವನನ್ನು ನೋಡಿದ, ಅಷ್ಟೇ. ಅಪ್ಪು ಇಳಿಸಿದ ಕಾಲನ್ನು ಮೇಲೆ ತೆಗೆದುಕೊಂಡು ಸ್ಟ್ಯಾಂಡನ್ನು ಹಿಮ್ಮಡಿಯಲ್ಲಿ ಒದ್ದ.

ಸಿದ್ದೇಶ್ ಗೋಡೆ ಹಿಡಿದುಕೊಂಡು ಕುಂಟುತ್ತಾ ಹೊರಗೆ ಬಂದ.

"ಏನ್ಲಾ... ಇಲ್ಗಂಟಾ ಬಂದ್ಬುಟ್ರಾ?"

"ಊಂ. ಡಬ್ಬಿ ಕೊಟ್ಟು ಓಗನ ಅಂತ. ಮನೆ ಅಂತ ಒತ್ತುದ್ರೆ ಇಲ್ಗೇ ಕರ್ಕಂಡು ಬಂತು." ಸಂತೋಷ್ ಡಬ್ಬಿಯನ್ನು ಕಳಚಿದ. ಕೈಯಿಂದ ಕೈಗೆ ಕೊಡಲಿಲ್ಲ. ಬಗ್ಗಿ, ಬೇವಿನ ಮರದ ಕಟ್ಟೆಯ ಮೇಲಿಟ್ಟ.

"ಬಾರ್ಲಾ ಒಳಿಕ್ಕೆ. ಅವ್ವ ಸಾರು ಮಾಡವ್ಳೆ. ಮೂರು ವರ್ಸದಿಂದ ಕೇಳ್ತಾ ಇದ್ದೆ."

"ಇಲ್ಲ ಬುಡಿ. ಮನೇಲಿ ಕಾಯ್ತಾ ಅವ್ರೆ. ನೀವು ರೆಸ್ಟ್ ಮಾಡಿ."

ನಿನ್ನೆಯವರೆಗೆ 'ಲೇ ಸಿದ್ದ' ಎನ್ನುತ್ತಿದ್ದ ಬಾಯಿ ಅದು. ಯಾರೋ ಗೊತ್ತಿಲ್ಲದವರನ್ನು ಮಾತಾಡಿಸುವಂತೆ 'ಬುಡಿ' ಎಂದಿತು, 'ನೀವು' ಎಂದಿತು. ಅಣ್ಣನ ಕೈ ಗೋಡೆಯ ಮೇಲೆ ಒಂದಿಷ್ಟು ಜಾರಿದ್ದನ್ನು ವನಜಾ ನೋಡಿದಳು.

ಅಷ್ಟರಲ್ಲಿ ಮುದ್ದಮ್ಮ ಸೆರಗಲ್ಲಿ ಕೈ ಒರೆಸಿಕೊಂಡು, ತಿಕ್ಕಿದ ಲೋಟಗಳಲ್ಲಿ ನೀರು ತಂದಳು. "ಅಷ್ಟು ದೂರ್ದಿಂದ ಬಂದಿದ್ದೀರ ಕನ್ರಪ್ಪಾ, ನೀರಾದ್ರೂ ಕುಡೀರಿ."

"ಈಗ್ತಾನೆ ಮಳವಳ್ಳೀಲಿ ಕುಡುದ್ವಿ ಕನಮ್ಮ," ಎಂದ ಸಂತೋಷ್. ಅಪ್ಪು ಲೋಟದ ಕಡೆಗೆ ನೋಡಿದ, ಆಮೇಲೆ ಹ್ಯಾಂಡಲ್ಲು ತಿರುಗಿಸಿದ. ಬೈಕುಗಳು ತಿರುಗಿದವು. ಒದ್ದೆ ಅಂಗಳದಲ್ಲಿ ಟಯರಿನ ಗುರುತು ಬಿಟ್ಟು, ನೀಲಿ ಬೋರ್ಡು ದಾಟಿ, ಬಂದದ್ದಕ್ಕಿಂತ ಬೇಗ ಹೋದವು.

ಮುದ್ದಮ್ಮ ಲೋಟದ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿದಳು. "ಓದ್ರೆ ಓಗ್ಲಿ ಬುಡು. ಅವ್ರು ಉಣ್ಣನಿಲ್ಲ ಅಂತ ಉಂಜ ಎದ್ದು ಓಡೋಗಾಕಿಲ್ಲ," ಎಂದು ಒಳಗೆ ಹೋದಳು. ಅವಳ ದನಿ ಎಂದಿನಷ್ಟು ಗಟ್ಟಿಯಿರಲಿಲ್ಲ.

ಸಿದ್ದೇಶ್ ಕಟ್ಟೆಯ ಮೇಲೆ ಕೂತು ಡಬ್ಬಿಯನ್ನು ಕೈಗೆತ್ತಿಕೊಂಡ.

"ಅಳಿಸು ಅಂದಿದ್ನಲ್ಲ."

ವನಜಾ ಕಾಲಿನ ಹೆಬ್ಬೆರಳಿಂದ ಟಯರಿನ ಗುರುತನ್ನು ಕೆರೆದಳು. "ಊಟಕ್ಕೆ ಬತ್ತೀನಿ ಅಂತಿದ್ರಲ್ಲಣ್ಣ ಅವ್ರು."

"ಬತ್ತೀನಿ ಅಂತಿದ್ದ. ನಾನು ಬಾ ಅಂದಿದ್ನಾ?"

ಅವಳ ಹೆಬ್ಬೆರಳು ಕೆರೆಯುವುದನ್ನು ನಿಲ್ಲಿಸಿತು.

"ಅವ್ನು ಎಂಗೆ ಅಂತ ನಂಗೊತ್ತಿರ್ನಿಲ್ಲ ಅಂದ್ಕಂಡಾ? ಗೊತ್ತಿತ್ತು ಕನೆ. ಗೊತ್ತಿದ್ದೇ ಗೇಟಲ್ಲಿ ಕಟ್ ಆಯ್ತಿದ್ದೆ. ವಾರಕ್ಕೊಂದ್ ದಿನ, ಒಂದೇ ಒಂದ್ ದಿನ, ನನ್ನ ಯಾರೂ ಏನೂ ಕೇಳ್ತಿರ್ನಿಲ್ಲ." ಅವನು ಬೈಯಲಿಲ್ಲ, ಕೂಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅದ್ನೂ ತಗ್ದುಬುಟ್ಟೆ."

ಅವಳಿಗೆ ಹೇಳಲು ಬಹಳ ಮಾತಿತ್ತು. ಸುಳ್ಳು ಜಾಗದಲ್ಲಿ ಗುರುತಿಟ್ಟುಕೊಂಡು ಇನ್ನೆಷ್ಟು ವರ್ಷ ಓಡಾಡುತ್ತಿದ್ದೆ ಎಂದು ಕೇಳಬಹುದಿತ್ತು. ನಮ್ಮ ಮನೆ ನಮ್ಮ ಮನೆಯ ಹತ್ತಿರವೇ ಇರಬೇಕಲ್ಲವೇ ಎನ್ನಬಹುದಿತ್ತು. ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಗಾಜಿನಲ್ಲಿ ಇವತ್ತಿನ ನೇರಳೆ ಗೆರೆ ಇನ್ನೂ ಇತ್ತು. ಹನೂರಿನ ಕಾಡಿನಿಂದ ಇಳಿದು, ಮಳವಳ್ಳಿ ಹಾದು, ಡೇರಿ ದಾಟಿ, ನೆಟ್ಟಗೆ ಈ ಕಟ್ಟೆಗೆ ಬಂದು ನಿಂತಿತ್ತು. ಬಂದ ಗೆರೆಯಷ್ಟೇ ಇತ್ತು. ಹೋದದ್ದಕ್ಕೆ ಗೆರೆ ಇರಲಿಲ್ಲ.

ಅಣ್ಣ ಪುಟ್ಟ ಮನೆಯ ಚಿತ್ರ ಒತ್ತಿ ಅಳಿಸಿದ. ಡೇರಿಯ ಮುಂದೆ ಮತ್ತೆ ಇಡಲಿಲ್ಲ. ಎಲ್ಲಿಯೂ ಇಡಲಿಲ್ಲ. ಗಾಜು ತಾನಾಗಿ ಕಪ್ಪಾಗುವವರೆಗೂ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತ.

ಒಳಗಿನಿಂದ ತಟ್ಟೆ ಹಾಕುವ ಸದ್ದು ಬಂತು. ವನಜಾ ಮೆಲ್ಲಗೆ ಕರೆದಳು. ಅವನು ತಿರುಗಲಿಲ್ಲ. ಅವಳು ಒಳಗೆ ಹೋಗಿ, ಅವನ ತಟ್ಟೆಗೆ ಮುದ್ದೆಯಿಟ್ಟು, ಸಾರು ಬಿಟ್ಟು, ಮತ್ತೆ ಬಾಗಿಲಿಗೆ ಬಂದು ನಿಂತಳು.

"ಅಣ್ಣ, ಮುದ್ದೆ ಆರೋಯ್ತದೆ. ಊಟಕ್ಕೆ ಬಾ."