ಟವೆಲ್ ಹೊದ್ದ ಸೈಕಲ್ಲುಗಳು

ನಮ್ಮ ದ್ವೀಪಕ್ಕೆ ಇರುವುದು ಒಂದೇ ಲಾಂಚು. ಅದರಲ್ಲಿ ಕೂರಲು ಸೀಟು ಸಿಗಬೇಕೆಂದರೆ ಟಿಕೆಟ್ಟಿನ ಜೊತೆಗೆ ಒಂದು ವಿದ್ಯೆಯೂ ಬೇಕು. ಲಾಂಚು ಕಟ್ಟೆಗೆ ತಾಗುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆಯಬೇಕು. ಟವೆಲ್ ಬಿದ್ದ ಸೀಟು ಎಸೆದವರದು. ಆಮೇಲೆ ಅವರು ಚಹಾ ಕುಡಿದು, ನಾಲ್ಕು ಮಾತಾಡಿ, ನಿಧಾನವಾಗಿ ಬಂದರೂ ಆ ಸೀಟಿನಲ್ಲಿ ಬೇರೆ ಯಾರೂ ಕೂರುವಂತಿಲ್ಲ. ಒಬ್ಬರ ಟವೆಲನ್ನು ಇನ್ನೊಬ್ಬರು ಮುಟ್ಟುವಂತೆಯೂ ಇಲ್ಲ. ಯಾವ ಕಾಲದಲ್ಲೋ ಒಬ್ಬ ಮುಟ್ಟಿದ್ದನಂತೆ. ಅವನ ಮೊಮ್ಮಗನನ್ನು ಇವತ್ತಿಗೂ ಜನ ‘ಟವೆಲ್ ತೆಗೆದವನ ಮೊಮ್ಮಗ’ ಎಂದೇ ಕರೆಯುತ್ತಾರೆ.

ಈ ವಿದ್ಯೆ ಲಾಂಚಿನಲ್ಲೇ ಇದ್ದಿದ್ದರೆ ತೊಂದರೆ ಇರಲಿಲ್ಲ. ಅದು ಇಳಿದು ದಡಕ್ಕೆ ಬಂತು.

ನಮ್ಮಲ್ಲಿ ಪೆಟ್ರೋಲು ಬರುವುದೂ ಆ ಲಾಂಚಿನಲ್ಲೇ. ಗಾಳಿ ಎದ್ದರೆ ಲಾಂಚು ಬರುವುದಿಲ್ಲ, ಲಾಂಚು ಬರದಿದ್ದರೆ ಸ್ಕೂಟರು ಏಳುವುದಿಲ್ಲ. ಹಾಗೆಂದು ನಮ್ಮ ದ್ವೀಪವೇನು ದೊಡ್ಡದೇ? ಈ ತುದಿಯಲ್ಲಿ ಸೀನಿದರೆ ಆ ತುದಿಯವರು ‘ಚಿರಂಜೀವಿ’ ಎನ್ನುವಷ್ಟು. ಆದರೂ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎಲ್ಲರಿಗೂ ಗಾಡಿಯೇ ಬೇಕು.

ಟೈಲರ್ ಮಾವನನ್ನೇ ನೋಡಿ. ಅವರು ಊರಿಗೆಲ್ಲ ಮಾವ. ಮನೆಗೂ ಹೊಲಿಗೆ ಅಂಗಡಿಗೂ ನಡುವೆ ಇರುವುದು ಒಂದು ತಿರುವು, ಒಂದು ಮೋರಿ. ಆದರೂ ದಿನಾ ಪಕ್ಕದ ಕಟಿಂಗ್ ಅಂಗಡಿಯವನ ಸ್ಕೂಟರಿನ ಹಿಂದೆ ಕೂತೇ ಹೋಗುತ್ತಿದ್ದರು. ಸ್ಕೂಟರಿನ ಹಿಂದಿನ ಚಕ್ರ ಮನೆಯ ಮುಂದಿರುವಾಗಲೇ ಮುಂದಿನ ಚಕ್ರ ಅಂಗಡಿ ಸೇರಿರುತ್ತಿತ್ತು! ಇಬ್ಬರ ಕೈಯಲ್ಲೂ ಕತ್ತರಿ ಇರುವುದರಿಂದ ಊರವರು ಅವರನ್ನು ‘ಜೋಡಿ ಕತ್ತರಿ’ ಎನ್ನುತ್ತಿದ್ದರು.

ಟೈಲರ್ ಮಾವನಿಗೆ ಸಕ್ಕರೆ ಕಾಯಿಲೆ. ಕಾಲು ಜೋಮು ಹಿಡಿಯುತ್ತದೆ ಎಂದು ಅವರು ದೂರಿದಾಗಲೆಲ್ಲ ಆಸ್ಪತ್ರೆಯ ನರ್ಸಮ್ಮ ಒಂದೇ ಮಾತು ಹೇಳುತ್ತಿದ್ದಳು: “ಮಾತ್ರೆ ನಾನು ಕೊಡ್ತೀನಿ ಮಾವ. ಆದ್ರೆ ನಿಮ್ಮ ಕಾಲನ್ನ ನೀವೇ ಆಡಿಸಬೇಕು.”

“ದಿನಾ ಹೊಲಿಗೆ ಮೆಷಿನ್ ತುಳೀತೀನಲ್ಲಮ್ಮಾ!”

“ಈಗ ಅದಕ್ಕೂ ಕರೆಂಟಿನ ಮೋಟರ್ ಹಾಕಿಸಿದ್ದೀರಲ್ಲ!”

ಮಾವ ಮಾತ್ರೆ ಜೇಬಿಗೆ ಹಾಕಿಕೊಂಡು ಸ್ಕೂಟರಿನ ಹಿಂದೆ ಹತ್ತಿ ಕೂತರು.

ಹೀಗಿರುವಾಗ ನಮ್ಮ ದ್ವೀಪದ ಸಮಿತಿ ಹಳದಿ ಬಣ್ಣದ ಸೈಕಲ್ಲುಗಳನ್ನು ತರಿಸಿತು. ಅದರ ಹಿಂದೆ ಬಿದ್ದು ತರಿಸಿದವಳೂ ನರ್ಸಮ್ಮನೇ. ಸೈಕಲ್ಲುಗಳು ಊರಿಗೆಲ್ಲ ಸೇರಿದ್ದು. ಪೇಟೆ, ಶಾಲೆ, ಆಸ್ಪತ್ರೆ, ಲಾಂಚಿನ ಕಟ್ಟೆ, ಆ ತುದಿಯ ಐಸ್ ಫ್ಯಾಕ್ಟರಿ, ಇಷ್ಟು ಕಡೆ ಒಂದೊಂದು ಸ್ಟ್ಯಾಂಡು. ಒಂದು ಕಡೆ ಹತ್ತಿ, ಇನ್ನೊಂದು ಕಡೆ ಇಳಿದು, ಅಲ್ಲೇ ಬಿಟ್ಟುಹೋಗುವುದು. ಮೊದಲಿಗೆ ಎಲ್ಲ ಸೈಕಲ್ಲುಗಳನ್ನೂ ಪೇಟೆಯ ಸ್ಟ್ಯಾಂಡಿನಲ್ಲೇ ನಿಲ್ಲಿಸಿ, ಮನೆಗೊಂದು ಕೀ ಕೊಟ್ಟರು. ಒಂದು ಕೀಯಿಂದ ಎಲ್ಲ ಸೈಕಲ್ಲಿನ ಬೀಗವೂ ತೆರೆಯುತ್ತದೆ.

ಟೈಲರ್ ಮಾವ ಕೀಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಎಲ್ಲ ಬೀಗಕ್ಕೂ ಒಂದೇ ಕೀ ಅಂದ್ರೆ ಅದು ಬೀಗವಾ? ಬರೀ ಶೃಂಗಾರಕ್ಕೆ! ಯಾರಾದ್ರೂ ಕದ್ದುಕೊಂಡು ಹೋದ್ರೆ?”

“ಎಲ್ಲಿಗೆ ಹೋಗ್ತಾನೆ ಮಾವ? ಸುತ್ತಲೂ ನೀರು. ಎಷ್ಟು ಜೋರಾಗಿ ತುಳಿದ್ರೂ ಒಂದು ಸುತ್ತು ಹಾಕಿ ನಿಮ್ಮ ಅಂಗಡಿ ಮುಂದೇನೇ ಬರಬೇಕು” ಎಂದಳು ನರ್ಸಮ್ಮ.

“ಸರಿ. ನಾನು ಪೇಟೇಲಿ ಹತ್ತಿ ಕಟ್ಟೆ ಹತ್ತಿರ ಬಿಟ್ಟೆ ಅಂತಿಟ್ಕೋ. ಅದನ್ನ ಇನ್ನೊಬ್ಬ ಹತ್ತಿಕೊಂಡು ಹೋದ್ರೆ?”

“ಅದಕ್ಕೇ ಅಲ್ವಾ ಇಟ್ಟಿರೋದು!”

“ಮತ್ತೆ ನಾನು?”

“ಅಲ್ಲಿರೋ ಇನ್ನೊಂದು ಹತ್ತಿಕೊಂಡು ಬರೋದು.”

“ನಂದು ಹೋಯ್ತಲ್ಲ?”

“ಮಾವ, ಅದು ನಿಮ್ಮದಲ್ಲ.”

“ಇನ್ನೇನು ಅವನದಾ?”

ನರ್ಸಮ್ಮ ತಾಳ್ಮೆಯವಳು. ಆದರೂ ಆವತ್ತು ಅವಳ ತಾಳ್ಮೆ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋಯಿತು.

ಮಾವ ರಾತ್ರಿಯೆಲ್ಲ ಯೋಚಿಸಿದರು. ಈ ವಯಸ್ಸಿನಲ್ಲಿ ಸೈಕಲ್ ಹತ್ತಿದರೆ ನಾಲ್ಕು ಜನ ನಗುತ್ತಾರೆ. ಹತ್ತದೆ ಬಿಟ್ಟರೆ ಇನ್ನೊಬ್ಬ ಹತ್ತುತ್ತಾನೆ. ಬೆಳಿಗ್ಗೆ ಎದ್ದವರೇ ಪೇಟೆಯ ಸ್ಟ್ಯಾಂಡಿಗೆ ಹೋಗಿ ಮೊದಲನೆಯ ಸೈಕಲ್ಲಿನ ಸೀಟಿನ ಮೇಲೆ ತಮ್ಮ ನೀಲಿ ಅಂಚಿನ ಟವೆಲ್ ಹಾಸಿದರು. ಆಮೇಲೆ ಸ್ಕೂಟರಿನ ಹಿಂದೆ ಕೂತು ಅಂಗಡಿಗೆ ಹೋದರು.

ಕಟಿಂಗ್ ಅಂಗಡಿಯವ ಅದನ್ನು ನೋಡಿದ. ಅವನೂ ಒಂದು ಟವೆಲ್ ಹಾಕಿದ. ಅವನದನ್ನು ನೋಡಿ ದಿನಸಿ ಅಂಗಡಿಯವನು, ಅವನದನ್ನು ನೋಡಿ ಗಿರಣಿಯವನು. ಸಂಜೆಯ ಹೊತ್ತಿಗೆ ಸೈಕಲ್ಲುಗಳೆಲ್ಲ ಟವೆಲ್ ಹೊದ್ದು, ಸ್ನಾನಕ್ಕೆ ಸರದಿ ಕಾಯುವವರ ಹಾಗೆ ಸಾಲಾಗಿ ನಿಂತವು. ಒಂದು ಚಕ್ರವೂ ತಿರುಗಲಿಲ್ಲ. ಯಾರಾದರೂ ಕೇಳಿದರೆ, “ಇರಲಿ ಬಿಡಿ, ಕಷ್ಟಕಾಲಕ್ಕೆ ಆಗುತ್ತೆ” ಎನ್ನುತ್ತಿದ್ದರು.

ಕಷ್ಟಕಾಲ ಟೈಲರ್ ಮಾವನ ಮನೆಗೇ ಬಂದಿತ್ತು. ಅವರಿಗೇ ಗೊತ್ತಿರಲಿಲ್ಲ, ಅಷ್ಟೆ.

ಮಾವನ ಮಗ ಮೀನಿನ ದೋಣಿಗೆ ಹೋಗುವವನು. ಒಮ್ಮೆ ಹೋದರೆ ವಾರಗಟ್ಟಲೆ ನೀರಿನ ಮೇಲೇ. ಸೊಸೆಗೆ ಐಸ್ ಫ್ಯಾಕ್ಟರಿಯಲ್ಲಿ ಮೀನು ತೂಗಿ ಪೆಟ್ಟಿಗೆಗೆ ತುಂಬಿಸುವ ಕೆಲಸ ಸಿಕ್ಕಿತ್ತು. ಅವಳಿಗೆ ಅದು ಮೊದಲ ಕೆಲಸ. ಸಂಬಳದ ಮಾತು ಹಾಗಿರಲಿ, ಫ್ಯಾಕ್ಟರಿಯವರು ಕೊಟ್ಟ ರಬ್ಬರ್ ಬೂಟನ್ನು ಅವಳು ಮನೆಗೆ ತಂದು, ತೊಳೆದು, ಒರೆಸಿ ಕಪಾಟಿನ ಮೇಲಿಟ್ಟ ಚೆಂದ ನೋಡಬೇಕಿತ್ತು. ಆದರೆ ಫ್ಯಾಕ್ಟರಿ ಇದ್ದದ್ದು ದ್ವೀಪದ ಆ ತುದಿಯಲ್ಲಿ. ಮನೆಯಲ್ಲಿ ಅತ್ತೆಗೆ ಮಂಡಿ ನೋವು. ನೀರು ತುಂಬಿಸಿ, ಅಡುಗೆ ಮುಗಿಸಿ ಹೊರಡುವಷ್ಟರಲ್ಲಿ ತಡವಾಗುತ್ತಿತ್ತು. ಓಡುನಡಿಗೆಯಲ್ಲಿ ಹೋದರೂ ಗಂಟೆ ಹೊಡೆದ ಮೇಲೇ ಗೇಟು ಮುಟ್ಟುತ್ತಿದ್ದಳು.

ಮಾವ ತಿಂಡಿಯ ಮುಂದೆ ಕೂತು ಬುದ್ಧಿ ಹೇಳುತ್ತಿದ್ದರು: “ಅಲ್ಲಮ್ಮಾ, ಚಿಕ್ಕವಳಿದ್ದಾಗ ಸೈಕಲ್ ಹೊಡೀತಿದ್ದೆ ಅಂತೀಯ. ಪೇಟೇಲಿ ಅಷ್ಟು ಸೈಕಲ್ ನಿಂತಿವೆ. ಹತ್ತಿಕೊಂಡು ಹೋಗೋಕೆ ಏನು ದಾಡಿ?”

ಸೊಸೆ ತಲೆ ತಗ್ಗಿಸಿ ಅವರಿಗೆ ಇನ್ನೊಂದು ಲೋಟ ನೀರು ಕೊಡುತ್ತಿದ್ದಳು.

ಅಷ್ಟರಲ್ಲಿ ಗಾಳಿ ಎದ್ದಿತು. ಲಾಂಚು ಬರಲಿಲ್ಲ, ಪೆಟ್ರೋಲು ಮುಗಿಯಿತು. ಕಟಿಂಗ್ ಅಂಗಡಿಯವನ ಸ್ಕೂಟರು ಎಷ್ಟು ಒದ್ದರೂ ಕೆಮ್ಮಿ ಸುಮ್ಮನಾಯಿತು. ಆದರೂ ಟವೆಲ್ ಹಾಕಿದವರು ಸೈಕಲ್ ಮುಟ್ಟಲಿಲ್ಲ. ಹತ್ತಿ ಹೋಗಿ ಆ ಕಡೆ ಬಿಟ್ಟರೆ ‘ತಮ್ಮದು’ ಹೋಗಿಬಿಡುತ್ತದಲ್ಲ!

ಒಂದು ಸಂಜೆ ನರ್ಸಮ್ಮ ಮಾವನ ರಕ್ತ ಪರೀಕ್ಷೆಗೆಂದು ಮನೆಗೆ ಬಂದಳು. ಬೆರಳಿಗೆ ಸೂಜಿ ಚುಚ್ಚಿದ್ದಳಷ್ಟೇ, ಸೊಸೆ ಒಳಗೆ ಬಂದಳು. ಎರಡೂ ಬೂಟು ಕೈಯಲ್ಲಿದ್ದವು, ಕಣ್ಣು ಕೆಂಪಾಗಿತ್ತು.

“ಏನಾಯ್ತೇ?” ಎಂದರು ಅತ್ತೆ.

“ನಾಳೆ ಒಂದು ದಿನ ನೋಡ್ತಾರಂತೆ ಅತ್ತೆ. ನಾಳೆನೂ ತಡವಾದ್ರೆ ಬೂಟು ವಾಪಸ್ ಕೊಟ್ಟು ಹೋಗು ಅಂದ್ರು ಮೇಸ್ತ್ರಿ.”

“ನಾನು ಹೇಳ್ಲಿಲ್ವಾ?” ಎಂದರು ಮಾವ, ಸೂಜಿ ಚುಚ್ಚಿಸಿಕೊಂಡ ಬೆರಳನ್ನೇ ಎತ್ತಿ ತೋರಿಸುತ್ತಾ. “ಸೈಕಲ್ಲಲ್ಲಿ ಹೋಗು ಅಂತ ಬಡ್ಕೊಂಡೆ!”

“ಎಲ್ಲ ಸೈಕಲ್ ಮೇಲೂ ಟವೆಲ್ ಇತ್ತು ಮಾವ.”

“ಇದ್ರೆ ಏನಂತೆ? ಯಾವನದೋ ಒಂದು ತೆಗೆದು ಆ ಕಡೆ ಎಸೀಬೇಕಿತ್ತು! ಕೆಲಸಕ್ಕಿಂತ ಟವೆಲ್ ಹೆಚ್ಚಾ?”

ಸೊಸೆ ಬೂಟುಗಳನ್ನು ಗೋಡೆ ಪಕ್ಕ ಇಟ್ಟಳು. “ಕೈ ಹಾಕೋಕೆ ಹೋದೆ. ಮೊದಲನೇದರ ಮೇಲಿದ್ದದ್ದು ನೀಲಿ ಅಂಚಿನದು. ಮೂಲೇಲಿ ಹರಿದಿದ್ದಕ್ಕೆ ನಾನೇ ತೇಪೆ ಹಾಕಿದ್ದೆ. ಮಾವನ ಟವೆಲ್ ಎಳೆದು ಹೇಗೆ ಎಸೀಲಿ ಅಂತ ವಾಪಸ್ ಬಂದೆ.”

ಮನೆಯಲ್ಲಿ ಸೂಜಿ ಬಿದ್ದರೆ ಕೇಳುವಷ್ಟು ಮೌನ. ಟೈಲರ್ ಮನೆಯಾದ್ದರಿಂದ ಒಂದು ಸೂಜಿ ಬಿದ್ದೇಬಿಟ್ಟಿತು.

“ನಾನು... ಸುಮ್ನೆ ಜಾಗ ಹಿಡಿದಿದ್ದೆ” ಎಂದರು ಮಾವ.

“ಜಾಗ ಹಿಡಿದ್ರಂತೆ ಜಾಗ!” ಅತ್ತೆ ಮಂಡಿ ನೋವು ಮರೆತು ಎದ್ದು ನಿಂತರು. “ಲಾಂಚಲ್ಲಿ ಹಿಡಿದ್ರೆ ಆ ದಡನಾದ್ರೂ ಸೇರ್ತೀರ. ನಿಂತ ಸೈಕಲ್ಲಲ್ಲಿ ಜಾಗ ಹಿಡಿದು ಯಾವ ದಡಕ್ಕೆ ಹೊರಟಿದ್ರಿ? ತಾನೂ ತಿನ್ನ, ಪರರಿಗೂ ಕೊಡ ಅನ್ನೋದು ಇದಕ್ಕೇ. ಇಲ್ಲಿ ಪರರೂ ಅಲ್ಲ, ಮನೆ ಮಗಳು!”

ನರ್ಸಮ್ಮ ರಕ್ತದ ಹನಿ ಒರೆಸಿ ಮೆಲ್ಲಗೆ ಹೇಳಿದಳು: “ಇನ್ನೊಂದು ವಿಷಯ ಇದೆ ಮಾವ. ಗಾಳಿ ನಿಂತಿದೆ, ನಾಳೆ ಮಧ್ಯಾಹ್ನ ಲಾಂಚು ಬರುತ್ತೆ. ಯಾರೂ ಓಡಿಸ್ತಿಲ್ಲ ಅಂತ ಸೈಕಲ್ಲೆಲ್ಲ ಅದರಲ್ಲೇ ಪಕ್ಕದ ದ್ವೀಪಕ್ಕೆ ಕಳಿಸ್ತಾರಂತೆ. ಚಕ್ರದ ಕಡ್ಡಿಗಳ ನಡುವೆ ಜೇಡ ಬಲೆ ಕಟ್ಟಿದೆ, ನೀವೇ ಹೋಗಿ ನೋಡಿ. ಸಕ್ಕರೆ ಹೋದ ಸಲಕ್ಕಿಂತ ಏರಿದೆ, ಅದನ್ನೂ ನೋಡಿ.”

ಮಾವ ಎರಡನ್ನೂ ನೋಡಿದರು. ಅವತ್ತು ಅವರು ಊಟಕ್ಕೆ ಕೂತರೂ ಯಾರಿಗೂ ಬುದ್ಧಿ ಹೇಳಲಿಲ್ಲ.

ಬೆಳಿಗ್ಗೆ ನೀರನ್ನು ಅವರೇ ತುಂಬಿಸಿದರು. ಸೊಸೆಯನ್ನು ಕರೆದುಕೊಂಡು ಪೇಟೆಯ ಸ್ಟ್ಯಾಂಡಿಗೆ ಬಂದರು. ತಮ್ಮ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು, ಬೀಗ ತೆಗೆದರು, ಗಾಳಿ ಇದೆಯೇ ಎಂದು ಚಕ್ರ ಒತ್ತಿ ನೋಡಿದರು, ಬ್ರೇಕು ಹಿಡಿದು ನೋಡಿದರು.

“ಹತ್ತಮ್ಮಾ” ಎಂದರು. ಅವಳು ಹತ್ತುವಷ್ಟರಲ್ಲಿ, “ಒಂದು ನಿಮಿಷ ತಾಳು” ಎಂದರು.

ಆಮೇಲೆ ಅವರು ಮಾಡಿದ ಕೆಲಸ ನಮ್ಮ ದ್ವೀಪದಲ್ಲಿ ಯಾರೂ ಮಾಡುವಂಥದಲ್ಲ. ಸಾಲಿನ ಆ ತುದಿಯಿಂದ ಈ ತುದಿಯವರೆಗೆ ಒಂದೊಂದೇ ಟವೆಲ್ ತೆಗೆದರು. ಎಲ್ಲವನ್ನೂ ಗಂಟು ಕಟ್ಟಿ ಸೊಸೆಯ ಕ್ಯಾರಿಯರಿಗೆ ಬಿಗಿದರು.

ಕಟಿಂಗ್ ಅಂಗಡಿಯವ ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಓಡಿಬಂದ. “ಮಾವ! ಟವೆಲ್ ಮುಟ್ಟಿದ್ರಾ?”

“ಮುಟ್ಟಿದೆ ಕಣೋ. ನನ್ನ ಮೊಮ್ಮಗನಿಗೆ ಯಾವ ಹೆಸರು ಇಡ್ತೀರೋ ಇಡಿ. ಎಲ್ಲರ ಟವೆಲ್ಲೂ ಐಸ್ ಫ್ಯಾಕ್ಟರಿ ಗೇಟಲ್ಲಿ ಸಿಗುತ್ತೆ. ಬೇಕಾದವರು ಹೋಗಿ ತಗೊಳ್ಳಿ.”

“ಅಷ್ಟು ದೂರ ಹೇಗೆ ಹೋಗೋದು? ಪೆಟ್ರೋಲಿಲ್ಲ!”

ಮಾವ ಸೈಕಲ್ಲುಗಳ ಕಡೆ ಕೈ ತೋರಿಸಿದರು. “ಇಷ್ಟು ನಿಂತಿವೆಯಲ್ಲ, ಹತ್ತಿಕೊಂಡು ಹೋಗೋಕೆ ಏನು ದಾಡಿ?”

ಸೊಸೆ ಆಗಲೇ ಮೋರಿ ದಾಟಿದ್ದಳು.

ಅವಳು ಗೇಟು ಮುಟ್ಟಿದ ಮೇಲೆ ಗಂಟೆ ಹೊಡೆಯಿತು. ಮೇಸ್ತ್ರಿ ಗಡಿಯಾರ ನೋಡಿದ, ಗಂಟು ನೋಡಿದ. “ಏನಮ್ಮಾ, ಇಲ್ಲಿ ಐಸ್ ಮಾಡ್ತಾರೆ. ಬಟ್ಟೆ ಒಗೆಯೋಕೆ ಬಂದೆಯಾ?”

“ಇಲ್ಲ ಸಾರ್. ಇದರ ಯಜಮಾನರು ಹಿಂದೆ ಬರ್ತಿದ್ದಾರೆ” ಎಂದು ಅವಳು ಬೂಟು ಮೆಟ್ಟಿಕೊಂಡು ಒಳಗೆ ಹೋದಳು.

ಯಜಮಾನರು ಬಂದರು. ಟವೆಲ್ಲಿನ ಸಿಟ್ಟು ಸಾಮಾನ್ಯವೇ? ಕಟಿಂಗ್ ಅಂಗಡಿಯವ, ಅವನ ಹಿಂದೆ ಅರ್ಧ ಗಡ್ಡದ ಗಿರಾಕಿ, ದಿನಸಿಯವನು, ಗಿರಣಿಯವನು, ಎಲ್ಲರೂ ಬೈಯುತ್ತಾ ಹೊರಟರು. ಶಾಲೆ ದಾಟುವವರೆಗೆ ಬೈದರು. ಆಮೇಲೆ ಏದುಸಿರು ಬಂದು ಬೈಗುಳ ನಿಂತಿತು. ಸಮುದ್ರದ ಪಕ್ಕದ ಇಳಿಜಾರಿನಲ್ಲಿ ತಂಗಾಳಿ ಮುಖಕ್ಕೆ ಬಡಿದಾಗ ಗಿರಣಿಯವನು ಸಿಳ್ಳೆ ಹಾಕಿದನಂತೆ. ಅವನ ಬಾಯಲ್ಲಿ ಸಿಳ್ಳೆ ಬರುತ್ತದೆಂದು ಅವನ ಹೆಂಡತಿಗೂ ಗೊತ್ತಿರಲಿಲ್ಲ.

ಕೊನೆಗೆ ಉಳಿದ ಒಂದು ಸೈಕಲ್ಲನ್ನು ಟೈಲರ್ ಮಾವ ಹತ್ತಿದರು. ಮೊದಲು ಸೈಕಲ್ಲು ಎಡಕ್ಕೆ, ಮಾವ ಬಲಕ್ಕೆ. ಆಸ್ಪತ್ರೆಗೆ ಹೊರಟಿದ್ದ ನರ್ಸಮ್ಮ ಅದನ್ನು ಕಂಡು, ಕ್ಯಾರಿಯರ್ ಹಿಡಿದು ಹಿಂದೆ ಓಡಿದಳು. “ನಿಧಾನ ಮಾವ, ಇವತ್ತು ಶಾಲೆವರೆಗೆ ಸಾಕು. ಮಾತ್ರೆ ತಪ್ಪಿಸಬೇಡಿ, ಗಟ್ಟಿ ಚಪ್ಪಲಿ ಇಲ್ದೆ ಹತ್ತಬೇಡಿ!” ಎನ್ನುತ್ತಿದ್ದಳು. ತಿರುವಿನ ಹತ್ತಿರ ಅವಳು ಕೈ ಬಿಟ್ಟದ್ದು ಮಾವನಿಗೆ ಗೊತ್ತಾಗಲೇ ಇಲ್ಲ. ತಲೆ ಮರೆತರೂ ಕಾಲು ಮರೆತಿರಲಿಲ್ಲ. ನಾಲ್ಕು ಜನ ನಕ್ಕರು ನಿಜ, ಆದರೆ ಮಾವ ಅವರಿಗಿಂತ ಜೋರಾಗಿ ನಗುತ್ತಿದ್ದರು. ಶಾಲೆ ಬಂದದ್ದೂ ಅವರಿಗೆ ಕಾಣಲಿಲ್ಲ. ನರ್ಸಮ್ಮನ ಮಾತು ಮೀರಿ, ನಡುನಡುವೆ ಇಳಿದು ನಿಂತು, ಫ್ಯಾಕ್ಟರಿಯವರೆಗೂ ಹೋದರು.

ಇತ್ತ ಸಮಿತಿಯ ಕಾರ್ಯದರ್ಶಿಗಳು ಸೈಕಲ್ಲುಗಳನ್ನು ಲಾಂಚಿಗೆ ಹೇರಿಸಲು ಹಗ್ಗ ಹಿಡಿದು ಬಂದರು. ಸ್ಟ್ಯಾಂಡು ಖಾಲಿ! “ಕಳ್ಳತನ!” ಎಂದು ಕೂಗುತ್ತಾ ದ್ವೀಪವೆಲ್ಲ ನಡೆದರು. ಬೆವರು ಸುರಿಸಿಕೊಂಡು ಐಸ್ ಫ್ಯಾಕ್ಟರಿಯ ಗೇಟಿಗೆ ಬಂದು ನೋಡಿದರೆ ಸೈಕಲ್ಲುಗಳೆಲ್ಲ ಅಲ್ಲಿನ ಸ್ಟ್ಯಾಂಡಿನಲ್ಲಿ, ಜನವೆಲ್ಲ ಗೇಟಿನ ನೆರಳಿನಲ್ಲಿ. ಗಂಟಿನಲ್ಲಿ ಒಂದೇ ಒಂದು ಟವೆಲ್ ಉಳಿದಿತ್ತು.

“ಇದು ಯಾರದಪ್ಪಾ?” ಎಂದು ಟೈಲರ್ ಮಾವ ಎತ್ತಿ ತೋರಿಸಿದರು.

ಕಾರ್ಯದರ್ಶಿಗಳು ಕೆಮ್ಮಿದರು. “ಕೊಡಿ ಇಲ್ಲಿ” ಎಂದರು. “ನಂದೇ.”

ಸೈಕಲ್ಲುಗಳು ಲಾಂಚು ಹತ್ತಲಿಲ್ಲ. ಸೊಸೆಯ ಬೂಟು ಈಗಲೂ ಕಪಾಟಿನ ಮೇಲೆ ಮಿರಮಿರ ಹೊಳೆಯುತ್ತದೆ. ಮಾವ ದಿನಾ ಅಂಗಡಿಗೆ ನಡೆದು ಹೋಗುತ್ತಾರೆ, ಕಟ್ಟೆಗೆ ಹೋಗುವುದಿದ್ದರೆ ಸೈಕಲ್ಲು. ಕಾಲಿನ ಜೋಮು ಪೂರ್ತಿ ಹೋಗಿಲ್ಲ, ಆದರೆ ನರ್ಸಮ್ಮ ಈಗ ಬೈಯುವುದು ಕಡಿಮೆ. ಆ ನೀಲಿ ಅಂಚಿನ ಟವೆಲನ್ನು ಅವರು ಕತ್ತರಿಸಿ, ಮೊದಲನೆಯ ಸೈಕಲ್ಲಿನ ಸೀಟಿಗೆ ಕವರು ಹೊಲಿದುಬಿಟ್ಟರು. ತೇಪೆ ಮಾತ್ರ ಹಾಗೇ ಉಳಿಸಿದ್ದಾರೆ. ಅದರ ಮೇಲೆ ಯಾರು ಬೇಕಾದರೂ ಕೂರಬಹುದು.

ಓದಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮೂರಿನಲ್ಲೂ ಎಲ್ಲರಿಗೂ ಸೇರಿದ ಸೈಕಲ್ಲುಗಳಿದ್ದರೆ ಅವು ನಿಲ್ಲದ ಹಾಗೆ ನೋಡಿಕೊಳ್ಳಿ. ಹತ್ತುವ ಮೊದಲು ಬ್ರೇಕು, ಗಾಳಿ ನೋಡಿ. ಇಳಿದ ಮೇಲೆ ಸ್ಟ್ಯಾಂಡಿನಲ್ಲೇ ಬಿಡಿ, ಮನೆಯ ಹಿತ್ತಲಿಗೆ ಒಯ್ಯಬೇಡಿ. ಕೆಟ್ಟಿದ್ದರೆ ಸುಮ್ಮನೆ ಒರಗಿಸಿ ಹೋಗದೆ ನೋಡಿಕೊಳ್ಳುವವರಿಗೆ ಹೇಳಿ. ಕಾಯಿಲೆ ಇದ್ದವರು ಆಸ್ಪತ್ರೆಯಲ್ಲಿ ಕೇಳಿಕೊಂಡು ಹತ್ತಿ. ಸೈಕಲ್ಲು ಇಲ್ಲದಿದ್ದರೆ ಹತ್ತಿರದ ದಾರಿಗೆ ದೇವರು ಕೊಟ್ಟ ಎರಡು ಕಾಲಿವೆ. ನೀವು ಬಳಸದೆ ಹಿಡಿದಿಟ್ಟದ್ದು ಯಾರ ಕೆಲಸಕ್ಕೆ ಅಡ್ಡ ಬರುತ್ತದೋ ಯಾರು ಬಲ್ಲರು, ನಿಮ್ಮ ಮನೆಯವರಿಗೇ ಬರಬಹುದು.

ಟವೆಲ್ ಮಾತ್ರ ಸೀಟಿನ ಮೇಲೆ ಬೇಡ, ನಿಮ್ಮ ಹೆಗಲ ಮೇಲಿರಲಿ. ತುಳಿದ ಮೇಲೆ ಬೆವರು ಒರೆಸಿಕೊಳ್ಳಲು ಬೇಕಾಗುತ್ತದೆ.