ಬಸ್ಸಿಗೇ ಬರುತ್ತಿದ್ದ ಚಹಾ

ಕಂಡಕ್ಟರ್ ಸುಂಕಪ್ಪನಿಗೆ ಐವತ್ತೆಂಟು ತುಂಬಿ, ಡಿಪೋದವರು ಅವನ ಕೊರಳಿಗೊಂದು ಸೇವಂತಿಗೆ ಹಾರ ಹಾಕಿ ಮನೆಗೆ ಕಳಿಸಿದ್ದು ೧೯೮೨ರಲ್ಲಿ. ಹಾರ ಇನ್ನೂ ಬಾಡಿರಲಿಲ್ಲ, ಅಷ್ಟರಲ್ಲೇ ಅವನು ಹೆಂಡತಿ ಮಾನಮ್ಮನ ಮುಂದೆ ಕೂತು, "ರಾಯಚೂರು ಸಾಕು. ಪೋತ್ನಾಳಕ್ಕ ಹೋಗಿ ಇರೋಣ" ಎಂದುಬಿಟ್ಟ.

ರೊಟ್ಟಿ ಬಡಿಯುತ್ತಿದ್ದ ಮಾನಮ್ಮ ಕೈ ನಿಲ್ಲಿಸಲಿಲ್ಲ. ಗಂಡನ ಬಾಯಿಂದ ಇಂಥ ಎಷ್ಟೋ ಬಸ್ಸು ಹೊರಟದ್ದನ್ನು ಅವಳು ಕಂಡಿದ್ದಳು.

"ಪೋತ್ನಾಳದಾಗ ನಿನಗ ಯಾರದಾರ?"

"ಯಾರಿಲ್ಲ ಅಂತ ಕೇಳು. ಊರಿಗೂರ ನಂದ."

ಸುಂಕಪ್ಪ ಹುಟ್ಟಿದ್ದು ದೇವದುರ್ಗ ತಾಲೂಕಿನ ಮಸರಕಲ್ಲಿನಲ್ಲಿ. ಅಪ್ಪ ಕಟ್ಟಿದ ಮನೆ ಅಲ್ಲಿನ ಕೇರಿಯಲ್ಲಿ ಇನ್ನೂ ನಿಂತಿತ್ತು. ಆದರೆ ಅಲ್ಲಿಗೆ ಮರಳುವ ಯೋಚನೆ ಅವನ ಕನಸಿನಲ್ಲೂ ಸುಳಿದಿರಲಿಲ್ಲ. ಖಾಕಿ ತೊಟ್ಟು ಹೋದರೂ ಮಸರಕಲ್ಲಿನಲ್ಲಿ ಅವನು ಸುಂಕ್ಯಾನೇ. ಚಹಾ ಬೇಕೆಂದರೆ ಹೋಟೆಲಿನ ಗೋಡೆಯಾಚೆ ನಿಲ್ಲಬೇಕು, ತೆಂಗಿನ ಚಿಪ್ಪು ಹಿಡಿಯಬೇಕು. ಹಾಗಾಗಿ ಅವನು ಮದುವೆಗೆ, ಮಣ್ಣಿಗೆ ಮಾತ್ರ ಹೋಗಿ, ಸಂಜೆಯ ಬಸ್ಸಿಗೇ ವಾಪಸ್ಸಾಗುತ್ತಿದ್ದ.

ಪೋತ್ನಾಳದ ಕಥೆಯೇ ಬೇರೆ. ರಾಯಚೂರಿನಿಂದ ಮಾನ್ವಿ ದಾಟಿ ಹೋಗುವ ಬಸ್ಸು ಅಲ್ಲಿ ಏಳು ನಿಮಿಷ ನಿಲ್ಲುತ್ತಿತ್ತು. ನಿಂತದ್ದೇ ತಡ, ಎದುರಿನ ಹೋಟೆಲಿನ ವಿರೂಪಣ್ಣ ಧೋತರ ಎತ್ತಿ ಕಟ್ಟಿ, ತಾನೇ ನೀಲಿ ಗೆರೆಯ ಗ್ಲಾಸಿನಲ್ಲಿ ಚಹಾ ಹಿಡಿದು ಓಡಿ ಬರುತ್ತಿದ್ದ. "ಕಂಡಕ್ಟರ್ ಸಾಹೇಬ್ರ, ಇಳೀಬ್ಯಾಡ್ರಿ, ಇಳೀಬ್ಯಾಡ್ರಿ! ಅಲ್ಲೇ ಕುಡೀರಿ!" ಅಕ್ಕಿ ಮಿಲ್ಲಿನ ಗಡಿಗೆಪ್ಪ ಕಿಟಕಿಯ ಹತ್ತಿರ ಬಂದು, "ರಿಟೈರಾದ ಮ್ಯಾಲ ನಮ್ಮೂರಿಗೇ ಬರ್ರಿ ಸಾಹೇಬ್ರ, ಮನಿ ನಾ ನೋಡ್ತೀನಿ" ಎನ್ನುತ್ತಿದ್ದ. ಯಾರೋ ಬದನೆಕಾಯಿ ತಂದಿಡುವರು, ಯಾರೋ ಸಜ್ಜೆ ತೆನೆ. ಯಾಕೆ ಇಡಬಾರದು? ಗಡಿಗೆಪ್ಪನ ಸ್ನಾನ ಮುಗಿಯುವ ತನಕ ಬಸ್ಸು ನಿಲ್ಲಬೇಕಿತ್ತು. ಊರಿಗೆ ಬೇಕಾದ ಗುಳಿಗೆ, ಕನ್ನಡಕ, ಬೀಗರ ಚೀಟಿ ಎಲ್ಲ ರಾಯಚೂರಿನಿಂದ ಸುಂಕಪ್ಪನ ಚೀಲದಲ್ಲೇ ಬರಬೇಕಿತ್ತು.

ಡ್ರೈವರ್ ಲಾಲ್ ಸಾಬ್ ಮಾತ್ರ ಇಳಿದು, ಹೋಟೆಲಿನೊಳಗೆ ಹೋಗಿ, ಬೆಂಚಿನ ಮೇಲೆ ಕೂತು ಕುಡಿಯುತ್ತಿದ್ದ. ಸುಂಕಪ್ಪನಿಗೆ ಅವನನ್ನು ನೋಡಿ ಪಾಪ ಅನ್ನಿಸುತ್ತಿತ್ತು.

ಮನೆ ಬದಲಿಸುವ ಸುದ್ದಿ ಕೇಳಿ ಲಾಲ್ ಸಾಬ್, "ಭಾಯ್, ದಿನಾ ಏಳು ನಿಮಿಷ. ಇಪ್ಪತ್ತೆರಡು ವರ್ಷದ್ದೆಲ್ಲ ಕೂಡಿಸಿದ್ರೂ ನೀ ಪೋತ್ನಾಳದಾಗ ಇದ್ದದ್ದು ಒಂದು ತಿಂಗಳು. ಅದೂ ಫುಟ್‌ಬೋರ್ಡ್ ಮ್ಯಾಲ. ಇನ್ನೊಮ್ಮೆ ವಿಚಾರ ಮಾಡು" ಎಂದ.

"ನಿನಗ ಚಹಾ ಬಸ್ಸಿಗೆ ಬರ್ತದೇನು ಉಸ್ತಾದ್? ನನಗ ಬರ್ತದ."

ಲಾಲ್ ಸಾಬ್ ಏನೋ ಹೇಳಹೊರಟವನು, ಎಲೆಅಡಿಕೆಯ ಜೊತೆ ಅದನ್ನೂ ಅಗಿದು ನುಂಗಿದ.

ಮಾನಮ್ಮ ಬಿಟ್ಟು ಬರಬೇಕಾದದ್ದು ಬಾಗಿಲಲ್ಲೇ ನಲ್ಲಿ ಇದ್ದ ಮನೆಯನ್ನು. ನಡುರಾತ್ರಿಯಾದರೂ ತಿರುವಿದರೆ ನೀರು. ಲಾರಿ ಹತ್ತುವ ಮುನ್ನ ಅವಳು ಆ ನಲ್ಲಿಯನ್ನೊಮ್ಮೆ ಸವರಿ, ಗಂಡನ ಕಡೆ ತಿರುಗಿದಳು. "ಅಲ್ಲಿ ಮರ್ಯಾದಿ ಐತಂತ ಕರಕೊಂಡು ಹೊಂಟೀದಿ. ಇರಲಿಲ್ಲಂದ್ರ ನಿನ್ನ ಸುಮ್ಮನ ಬಿಡಂಗಿಲ್ಲ ನೋಡು."

ಪೋತ್ನಾಳದಲ್ಲಿ ಲಾರಿ ನಿಲ್ಲಿಸಿ ಸುಂಕಪ್ಪ ಸೀದಾ ಮಿಲ್ಲಿಗೆ ಹೋದ. ಗಡಿಗೆಪ್ಪ ಅಕ್ಕಿಯ ರಾಶಿಯಿಂದ ಕಣ್ಣೆತ್ತಲಿಲ್ಲ.

"ಹೌದಾ? ಬಂದೇಬಿಟ್ಯಾ? ಚಲೋ ಆತು ಬಿಡು. ಮನಿ ಈ ಸಾಲಿನ್ಯಾಗ ಖಾಲಿ ಇಲ್ಲಪ್ಪ. ಕಾಲುವಿ ಆಕಡಿ ನಿಮ್ಮ ಮಂದಿ ಅದಾರಲ್ಲ, ಅಲ್ಲಿ ನೋಡು. ಗಾಳಿ ಭಾಳ ಚಲೋ."

ಗಡಿಗೆಪ್ಪನ ಬೆನ್ನ ಹಿಂದೆಯೇ ಎರಡು ಮನೆಗಳು ತುಕ್ಕು ಹಿಡಿದ ಬೀಗ ಹಾಕಿಕೊಂಡು ನಿಂತಿದ್ದವು. ಸಂಜೆಯೊಳಗೆ ಇನ್ನೂ ಐದು ಜನ ಕಾಲುವೆಯಾಚೆಯ ಗಾಳಿಯನ್ನು ಹೊಗಳಿದರು. ಪೋತ್ನಾಳದ ಒಳ್ಳೆಯ ಗಾಳಿಯೆಲ್ಲ ಕೇರಿಯ ಕಡೆಗೇ ಬೀಸುತ್ತದೆಂಬುದು ಸುಂಕಪ್ಪನಿಗೆ ಗೊತ್ತಾದದ್ದು ಆವತ್ತು. ಕೊನೆಗೆ ಆ ಕೇರಿಯ ಆದೆಮ್ಮ ಎಂಬ ಮುದುಕಿ ತನ್ನ ಎರಡು ಖೋಲಿಗಳನ್ನು ಬಾಡಿಗೆಗೆ ಬಿಟ್ಟುಕೊಟ್ಟಳು.

ಮಾನಮ್ಮ ಗಂಟುಗಳನ್ನು ಇಳಿಸಿದಳೇ ಹೊರತು ಒಂದನ್ನೂ ಬಿಚ್ಚಲಿಲ್ಲ. "ಕೇರಿನ ಬೇಕಾಗಿದ್ರ ಮಸರಕಲ್ಲಾಗ ನಿಮ್ಮಪ್ಪಂದ ಇತ್ತಲ್ಲ, ಬಾಡಿಗಿ ಇಲ್ಲದ್ದು. ಅದಕ್ಕ ಇಷ್ಟು ದೂರ ಯಾಕ ಬರಬೇಕಿತ್ತು?"

"ಊರಂದ ಮ್ಯಾಲ ಅವರಿಗೂ ಅಡಚಣಿ ಇರ್ತಾವ. ನಾಳೆ ಮುಂಜಾನಿ ವಿರೂಪಣ್ಣನ ಹೋಟೆಲಿಗೆ ಹೋಗಿ ಬರ್ತೀನಿ, ಆಮ್ಯಾಲ ನೋಡೀಯಂತ" ಎಂದ ಸುಂಕಪ್ಪ. ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ.

ಬೆಳಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋದ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ವಿರೂಪಣ್ಣ ದೂರದಿಂದಲೇ ಕೈ ಅಡ್ಡ ಹಿಡಿದ. "ಬಾ ಸುಂಕಪ್ಪ. ಅಲ್ಲೇ ಹೊರಗ ಕಟ್ಟಿ ಮ್ಯಾಲ ಕೂಡು. ಗೂಡಿನ್ಯಾಗ ಗ್ಲಾಸ್ ಅದ, ತೊಳಕೊಂಡು ತಗೊ." ಸಾಹೇಬ್ರ ಎಂಬುದು ಖಾಕಿಯ ಜೊತೆ ಡಿಪೋದಲ್ಲೇ ಉಳಿದಿತ್ತು.

ಸುಂಕಪ್ಪ ಕಟ್ಟೆಯ ಮೇಲೆ ಕೂತ. ಕೇರಿಯವನೊಬ್ಬ ಚಹಾ ಕುಡಿದು, ಗ್ಲಾಸು ತೊಳೆದು, ಹೊರಗೋಡೆಯ ಗೂಡಿನಲ್ಲಿ ಮಗುಚಿಟ್ಟು ಹೋದ. ಅಂಚಿಗೆ ನೀಲಿ ಗೆರೆ, ಒಂದು ಕಡೆ ಒಡೆದ ಚೂರು. ಸುಂಕಪ್ಪ ಅದನ್ನು ಕಣ್ಣು ಮುಚ್ಚಿಯೂ ಗುರುತಿಸಬಲ್ಲವನಾಗಿದ್ದ. ವಿರೂಪಣ್ಣ ತನಗಾಗಿ ಬೇರೆ ಗ್ಲಾಸನ್ನೇ ಇಟ್ಟಿದ್ದಾನೆಂದು ಮಾನಮ್ಮನ ಮುಂದೆ ಎಷ್ಟು ಸಲ ಮೀಸೆ ತಿರುವಿದ್ದನೋ. ಅದು ಸುಳ್ಳೇನೂ ಆಗಿರಲಿಲ್ಲ.

ಮಸರಕಲ್ಲಿನಲ್ಲಿ ಹುಟ್ಟಿದವನಿಗೆ ಇದು ಇಷ್ಟು ವರ್ಷ ತಿಳಿಯಲಿಲ್ಲವೇ ಎಂದು ಯಾರಾದರೂ ಕೇಳಬಹುದು. ತಿಳಿದಿತ್ತು. ಚೀಲದ ತುಂಬ ಚಿಲ್ಲರೆ ಇಟ್ಟುಕೊಂಡು ಇಲ್ಲ ಎನ್ನುವ ಕಂಡಕ್ಟರನ ಹಾಗೆ ಅವನು ತನಗೆ ತಾನೇ ಇಲ್ಲ ಎನ್ನುತ್ತ ಬಂದಿದ್ದ. ವಿರೂಪಣ್ಣನ ಮೇಲೆ ಬಂದಷ್ಟೇ ಸಿಟ್ಟು ಅವನಿಗೆ ತನ್ನ ಮೇಲೂ ಬಂತು.

ಅಷ್ಟರಲ್ಲಿ ರಾಯಚೂರಿಗೆ ಹೋಗುವ ಬಸ್ಸು ಬಂದು ನಿಂತಿತು. ಇಳಿದ ಲಾಲ್ ಸಾಬ್ ಕಟ್ಟೆಯ ಮೇಲಿದ್ದ ಗೆಳೆಯನನ್ನು ನೋಡಿ ತಡೆದು ನಿಂತ.

"ನಿನಗ ಗೊತ್ತಿತ್ತೇನು ಉಸ್ತಾದ್?"

"ಗೊತ್ತಿತ್ತು."

"ಹೇಳಬೇಕೋ ಬ್ಯಾಡೋ?"

"ಹೆಂಗ ಹೇಳ್ಲಿ ಭಾಯ್? ನೀ ಅಷ್ಟು ಖುಷಿಲೆ ಕುಡೀತಿದ್ದಿ." ಲಾಲ್ ಸಾಬ್ ಟವೆಲಿನಿಂದ ಮುಖ ಒರೆಸಿಕೊಂಡ. "ವಾಪಸ್ ಬಂದುಬಿಡು. ಸಂಜಿಗೆ ಲಾರಿ ಕಳಸ್ತೀನಿ. ರಾಯಚೂರು ಬಸ್‌ಸ್ಟ್ಯಾಂಡಿನ ಹೋಟೆಲಿನ್ಯಾಗ ಯಾರ ಪಕ್ಕಕ್ಕ ಯಾರು ಕುಂತ್ರೂ ಯಾರೂ ಕೇಳಂಗಿಲ್ಲ."

ನಿಜವೇ. ಸುಂಕಪ್ಪ ಹೂಂ ಎನ್ನಲು ಬಾಯಿ ತೆರೆದ. ಆಗ ಹೋಟೆಲಿನ ಒಳಗಡೆ ಕಣ್ಣು ಹೋಯಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅದರ ಒಳಗನ್ನು ನೆಟ್ಟಗೆ ನೋಡುತ್ತಿದ್ದ. ಮೂರು ಜನ ಕೂರುವ ಬೆಂಚಿನ ಮೇಲೆ ಗಡಿಗೆಪ್ಪ ಮತ್ತು ಇನ್ನೊಬ್ಬ, ಇಬ್ಬರೇ, ಕಾಲು ಅಗಲಿಸಿ ಹರಡಿಕೊಂಡಿದ್ದರು. ಹಿಂದಿನ ಬೆಂಚಿನಲ್ಲೂ ಇಬ್ಬರೇ. ಮೂರು ಮಂದಿಯ ಸೀಟಿಗೆ ಇಬ್ಬರು! ಅವಮಾನವನ್ನಾದರೂ ಸುಂಕಪ್ಪ ನುಂಗಿಕೊಳ್ಳುತ್ತಿದ್ದನೇನೋ, ಇದನ್ನು ನುಂಗುವುದು ಅವನಿಂದ ಆಗಲಿಲ್ಲ.

ಎದ್ದು ಹೊಸ್ತಿಲು ದಾಟಿದ.

"ಒಳಗ ಸರೀರಿ! ಮೂರು ಮಂದಿ ಸೀಟು! ಸರೀರಿ, ಸರೀರಿ, ಇನ್ನಾ ಜಾಗ ಅದ!"

ಆ ದನಿಗೆ ಪೋತ್ನಾಳದ ತಲೆಗಳು ಯೋಚಿಸುವ ಮೊದಲೇ ಕುಂಡಿಗಳು ಸರಿದವು. ಗಡಿಗೆಪ್ಪ ಮಿರ್ಚಿಯ ತಟ್ಟೆ ಸಮೇತ ಗೋಡೆಗೆ ಒತ್ತಿಕೊಂಡ. ಖಾಲಿಯಾದ ಜಾಗದಲ್ಲಿ ಸುಂಕಪ್ಪ ಕೂತ, ಮಂಡಿಗೆ ಮಂಡಿ ತಾಗಿತು. ಬಸ್ಸಿನಲ್ಲಿ ಎಷ್ಟೋ ಸಲ ತಾಗಿದ್ದ ಮಂಡಿಯೇ. ಆಗ ಸೀಟು ಹೋಗುತ್ತದೆಂದು ಗಡಿಗೆಪ್ಪ ತುಟಿ ಬಿಚ್ಚಿರಲಿಲ್ಲ.

ಹಿಂದಿನ ಬೆಂಚಿನ ಇಬ್ಬರು ಎದ್ದು ಹೊರಗೆ ನಡೆದರು. ಗಡಿಗೆಪ್ಪ ಅರ್ಧ ಎದ್ದ, ತಟ್ಟೆಯಲ್ಲಿ ಇನ್ನೂ ಎರಡು ಮಿರ್ಚಿ ಇದ್ದದ್ದು ನೋಡಿ ಮತ್ತೆ ಕೂತ.

"ಸುಂಕಪ್ಪ, ಇದು ಬಸ್ ಅಲ್ಲ" ಎಂದ ವಿರೂಪಣ್ಣ. ಮುಖ ಕೆಂಪಾಗಿತ್ತು.

"ಗೊತ್ತದ್ರೀ. ಬಸ್ ಆಗಿದ್ರ ಇಷ್ಟೊತ್ತಿಗೆ ನೀವು ಚಹಾ ಹಿಡಕೊಂಡು ಓಡಿ ಬರ್ತಿದ್ರಿ."

ಲಾಲ್ ಸಾಬ್ ಬಂದು ಎದುರಿಗೆ ಕೂತ. "ಎರಡು ಚಹಾ ವಿರೂಪಣ್ಣ, ಎರಡೂ ಒಳಗಿನ ಗ್ಲಾಸಿನ್ಯಾಗ. ನಮ್ಮ ಚಹಾ ಆಗೋತನಕ ಬಸ್ ಹೊಂಡಂಗಿಲ್ಲ."

ಏಳು ನಿಮಿಷ ಕಳೆಯಿತು, ಹತ್ತಾಯಿತು. ಬಸ್ಸಿನಲ್ಲಿ ಮಾನ್ವಿಯ ಕೋರ್ಟಿಗೆ ಹೋಗುವವರಿದ್ದರು, ಅವರ ಕೂಗು ಶುರುವಾಯಿತು. ಹದಿನೈದಾದಾಗ ಹೊಸ ಕಂಡಕ್ಟರನೂ ಸೀಟಿ ಊದತೊಡಗಿದ. ಊರವರೇ ಕಿಟಕಿಯಿಂದ ವಿರೂಪಣ್ಣನ ಮನೆತನವನ್ನು ನೆನೆಯತೊಡಗಿದ ಮೇಲೆ, ಅವನು ಎರಡು ಗ್ಲಾಸು ತಂದು ಕುಕ್ಕಿದ. ಅರ್ಧ ಚಹಾ ಚೆಲ್ಲಿತು. ಉಳಿದರ್ಧವನ್ನು ಸುಂಕಪ್ಪ ಆರಾಮಾಗಿ ಕುಡಿದ.

ಮನೆಗೆ ಬಂದಾಗ ಮಾನಮ್ಮ ಗಂಟಿನ ಮೇಲೇ ಕೂತಿದ್ದಳು. ಅವನು ಒಂದೂ ಮುಚ್ಚಿಡದೆ ಹೇಳಿದ, ಗೂಡಿನ ಗ್ಲಾಸಿನದನ್ನೂ ಸೇರಿಸಿ. ಅವಳು ನಗುತ್ತಾಳೆಂದುಕೊಂಡಿದ್ದ, ನಗಲಿಲ್ಲ.

"ನಾಳೆ ಸುಮ್ಮನಿರ್ತಾರೇನು ಅವರು?"

"ಇರಂಗಿಲ್ಲ."

"ಅಂಜಿಕಿ ಆಗಾಕತ್ತದೇನು?"

"ಹೂಂ."

"ಚಹಾ ಹೆಂಗಿತ್ತು?"

"ಥೂ! ಬರೇ ನೀರು, ಹೊಗಿ ವಾಸನಿ."

"ಆ ನೀರಿಗೆ ನನ್ನ ನಲ್ಲಿ ಬಿಡಿಸಿದಿ!"

"ನಾಳೆ ನೀನೂ ಬಾ."

"ನಾ ಯಾಕ? ಚಂದಿಲ್ಲ ಅಂತ ನೀನ ಹೇಳಾಕತ್ತಿ."

"ಒಳಗ ಕುಂತು ಚಂದಿಲ್ಲ ಅನ್ನಾಕ" ಎಂದ ಸುಂಕಪ್ಪ.

ಮಾನಮ್ಮ ಎದ್ದು, ಕೂತಿದ್ದ ಗಂಟನ್ನು ಬಿಚ್ಚಿ, ತನ್ನ ಇಳಕಲ್ ಸೀರೆ ಹುಡುಕತೊಡಗಿದಳು.