ಎರಡು ಗಡಿಯಾರಗಳ ಉಪವಾಸ

ಸಾಮ್ರಾಜ್ಯಗಳ ಏಳುಬೀಳಿನ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ಆದರೆ ಗಡಿಯಾರ ರಿಪೇರಿಯವನೊಬ್ಬ ದಿನದ ಕೊನೆಯ ತುತ್ತನ್ನು ಎಷ್ಟು ಗಂಟೆಗೆ ನುಂಗಿದ ಎಂಬುದನ್ನು ದಾಖಲಿಸಲು ಈವರೆಗೆ ಯಾರೂ ಮುಂದೆ ಬಂದಿಲ್ಲ. ಆ ಕೊರತೆಯನ್ನು ಇಲ್ಲಿ ತುಂಬಲಾಗಿದೆ.

ಬೀದಿಯವರು ಅವನನ್ನು ಗಂಟೆಯಣ್ಣ ಎನ್ನುತ್ತಾರೆ. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿ ಮೂಲತಃ ಅವನ ಮಾವನದು. ಮಗಳ ಜೊತೆ ಅಂಗಡಿ ಬಂತೋ, ಅಂಗಡಿಯ ಜೊತೆ ಮಗಳು ಬಂದಳೋ, ಈ ಬಗ್ಗೆ ಗಂಡ ಹೆಂಡಿರಲ್ಲಿ ಇನ್ನೂ ಒಮ್ಮತವಿಲ್ಲ. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಈ ಆಸಾಮಿ ಇಂಜೆಕ್ಷನ್ ಸೂಜಿ ಕಂಡರೆ ಮಾತ್ರ ಕುರ್ಚಿಯಿಂದ ಜಾರುತ್ತಾನೆ. ರಕ್ತಪರೀಕ್ಷೆಗೇ ಇಬ್ಬರು ಅವನನ್ನು ಹಿಡಿದುಕೊಳ್ಳಬೇಕಾಗಿತ್ತು. ಹೀಗಿರುವಾಗ ಡಾಕ್ಟರು, "ಸಕ್ಕರೆ ಹೀಗೇ ಇದ್ರೆ ದಿನಾ ಸೂಜಿ ಚುಚ್ಕೋಬೇಕಾಗತ್ತೆ" ಎಂದಾಗ ಅವನ ಅರ್ಧ ಜೀವ ಅಲ್ಲೇ ಹೋಯಿತು.

"ಬೇರೆ ದಾರಿ ಇಲ್ವಾ ಡಾಕ್ಟ್ರೇ?"

"ಒಂದಿದೆ. ಮಧ್ಯಾಹ್ನ ಹನ್ನೆರಡಕ್ಕೆ ಬಾಯಿ ತೆಗೀರಿ, ರಾತ್ರಿ ಎಂಟಕ್ಕೆ ಮುಚ್ಚಿ. ಉಳಿದ ಹೊತ್ತು ಬರೀ ನೀರು. ಮಾತ್ರೆ ನಾನು ಹೊಂದಿಸ್ತೀನಿ. ಕೆಲವರಿಗೆ ಸಕ್ಕರೆ ಇಳಿದಿದೆ, ನಿಮಗೂ ಇಳಿಯತ್ತಾ ನೋಡೋಣ."

"ಆಯಸ್ಸೂ ಜಾಸ್ತಿಯಾಗತ್ತಂತೆ?"

"ಇಲಿಗಳಿಗೆ ಆಗಿದೆ. ಮನುಷ್ಯರ ವಿಷ್ಯ ಇನ್ನೂ ಗೊತ್ತಿಲ್ಲ."

ಮನೆಗೆ ಬಂದು ವರದಿ ಒಪ್ಪಿಸಿದಾಗ ಹೆಂಡತಿ ನಕ್ಕಳು. "ಇದನ್ನ ಹೇಳೋಕೆ ಡಾಕ್ಟ್ರೇ ಬೇಕಿತ್ತಾ? ಒಪ್ಪೊತ್ತು ಉಂಡವ ಯೋಗಿ, ಎರಡ್ಹೊತ್ತು ಉಂಡವ ಭೋಗಿ, ಮೂರ್ಹೊತ್ತು ಉಂಡವ ರೋಗಿ..."

"ನಾಲ್ಕನೇದು ಹೇಳ್ಬೇಡ ಕಣೇ."

"ನಾಲ್ಕ್ಹೊತ್ತು ಉಂಡವನ್ನ ಹೊತ್ಕೊಂಡು ಹೋಗಿ!" ಹೇಳಿಯೇ ಬಿಟ್ಟಳು.

ಮಾರನೆಯ ದಿನವೇ ವ್ರತ ಶುರುವಾಯಿತು. ಕೆಲಸ ಹೆಚ್ಚೆಂದು ಬುತ್ತಿಯನ್ನು ಅಂಗಡಿಗೇ ತರಿಸಿಕೊಂಡ. ಬಾಗಿಲ ಬಳಿಯ ದೊಡ್ಡ ಗಡಿಯಾರ ಬೀದಿಗೆಲ್ಲ ಪ್ರಮಾಣ. ಅದನ್ನು ನೋಡಿಯೇ ಜನ ತಮ್ಮ ಮುಳ್ಳು ತಿರುಗಿಸಿಕೊಳ್ಳುತ್ತಿದ್ದರು. ಗಂಟೆಯಣ್ಣನ ಹೊಟ್ಟೆ ಮಾತ್ರ ಬೇರೆ ಪ್ರಮಾಣ ಹುಡುಕಿಕೊಂಡಿತು. ರಿಪೇರಿಗೆ ಬಂದಿದ್ದ ಅಲಾರಂ ಟೈಂಪೀಸೊಂದು ಹುಚ್ಚು ಕುದುರೆಯಂತೆ ಓಡುತ್ತಿತ್ತು. ಬೆಳಿಗ್ಗೆ ಬೀದಿಗೆ ಹತ್ತಾದರೆ ಅದಕ್ಕೆ ಹನ್ನೆರಡು. ರಿಟೈರಾದ ಟೀಚರೊಬ್ಬರ ಲೋಲಕದ ಗಡಿಯಾರ ತೆವಳುತ್ತಿತ್ತು. ರಾತ್ರಿ ಬೀದಿಗೆ ಹತ್ತಾದರೆ ಅದಕ್ಕೆ ಎಂಟು. ಬಾಯಿ ತೆರೆಯಲು ಮೊದಲನೆಯದು, ಮುಚ್ಚಲು ಎರಡನೆಯದು. ಗಡಿಯಾರ ನೋಡದೆ ಅವನು ಒಂದು ಬಿಸ್ಕತ್ತನ್ನೂ ಮುಟ್ಟಿದವನಲ್ಲ.

ಟೀಚರು ಆಗಾಗ ಬಂದು ವಿಚಾರಿಸುತ್ತಿದ್ದರು. "ಏನಪ್ಪಾ, ನನ್ನ ಗಡಿಯಾರ ಇನ್ನೂ ಆಗ್ಲಿಲ್ವಾ?"

"ಹಳೇ ಜೀವ ಟೀಚರ್. ಅವಸರ ಮಾಡಿದ್ರೆ ಕೆಡತ್ತೆ."

ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಕೂತಲ್ಲೇ ಕೂತಿತ್ತು. "ನಿಜವಾಗ್ಲೂ ಮಾಡ್ತಿದೀರಾ?" ಎಂದರು ಡಾಕ್ಟರು.

"ಗಡಿಯಾರ ನೋಡ್ಕೊಂಡೇ ತಿಂತೀನಿ, ಅಮ್ಮನಾಣೆ!"

"ಹಾಗಾದ್ರೆ ಕೊನೇ ಅವಕಾಶ. ಮುಂದಿನ ಸಲವೂ ಇಳೀದಿದ್ರೆ ಸೂಜಿನೇ."

ಇದನ್ನು ಕೇಳಿದ ಹೆಂಡತಿಗೆ ಅನುಮಾನ ಬಂತು. ಎರಡು ದಿನ ಬಿಟ್ಟು ಬೆಳಿಗ್ಗೆ ಹತ್ತರ ಸುಮಾರಿಗೆ ಎದುರಿನ ಹಣ್ಣಿನ ಅಂಗಡಿಯಲ್ಲಿ ನಿಂತು, ಗಾಜಿನಾಚೆ ಗಂಡ, ಗೋಡೆಗೆ ಗಾರೆ ಮೆತ್ತಿದಂತೆ, ಬ್ರೆಡ್ಡಿಗೆ ಬೆಣ್ಣೆ ಮೆತ್ತುವುದನ್ನು ಕಂಡಳು. ಅವನ ಕಣ್ಣು ಟೈಂಪೀಸಿನ ಮೇಲಿತ್ತು. ಟೀಚರ ಗಡಿಯಾರ ಇಷ್ಟು ದಿನ ಯಾಕೆ ಆಗಲಿಲ್ಲ ಎಂಬುದೂ ಅದೇ ಕ್ಷಣ ಅವಳಿಗೆ ಹೊಳೆಯಿತು. ಹಣ್ಣು ಕೊಂಡು ಮನೆಗೆ ಹೋದಳು.

ಮಾರನೆಯ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಅಂಗಡಿಗಿಳಿದು, ಚಿಕ್ಕಂದಿನಲ್ಲಿ ಹಿಡಿದು ಕಲಿತಿದ್ದ ಅಪ್ಪನ ಚಿಮಟ ಕೈಗೆತ್ತಿಕೊಂಡಳು. ಟೈಂಪೀಸಿನ ಹಿಂದಿನ ವೇಗದ ಕಡ್ಡಿ ಸರಿಸಿ, ಟೀಚರ ಗಡಿಯಾರದ ಲೋಲಕದ ತಿರುಪು ಬಿಗಿದು, ಎರಡರ ಮುಳ್ಳನ್ನೂ ತನಗೆ ಬೇಕಾದಲ್ಲಿಗೆ ತಿರುಗಿಸಿದಳು. ಈಗ ಓಡುವುದು ತೆವಳಿತು, ತೆವಳುವುದು ಓಡಿತು.

ಅಂದು ಬೀದಿಗೆ ಮಧ್ಯಾಹ್ನ ಹನ್ನೆರಡಾದರೂ ಟೈಂಪೀಸು ಹತ್ತರಲ್ಲೇ ಇತ್ತು. ಹೊಟ್ಟೆ ತಾಳ ಹಾಕತೊಡಗಿತು. ಸಂಜೆ ಬಿಸಿಲಿರುವಾಗಲೇ ಟೀಚರ ಗಡಿಯಾರ ಢಣಢಣ ಎಂಟು ಹೊಡೆಯಿತು. ಗಂಟೆಯಣ್ಣ ತುತ್ತನ್ನು ಕೈಯಲ್ಲೇ ಹಿಡಿದು ತಲೆಯೆತ್ತಿದ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ಏನ್ರೀ, ಮುಖ ಯಾಕೆ ಬಾಡಿದೆ?"

"ಏನಿಲ್ಲ."

"ಗಡಿಯಾರ ಏನಾದ್ರೂ ತಪ್ಪು ತೋರಿಸ್ತಿದ್ಯಾ?"

"ನನ್ನ ಅಂಗಡೀಲಿ ತಪ್ಪು ಗಡಿಯಾರನಾ!"

"ಅಪ್ಪನ ಅಂಗಡಿ," ಎಂದು ತಿದ್ದಿ ಒಳಗೆ ಹೋದಳು.

ಕಳ್ಳನಿಗೆ ಚೇಳು ಕಡಿದಂತಾಯಿತು. ಇವತ್ತು ತಪ್ಪೆಂದು ಒಪ್ಪಿಕೊಂಡರೆ ನಿನ್ನೆಯದೂ ಈಚೆ ಬರುತ್ತದೆ. ಕೆಲವು ದಿನ ಅವನು ಆ ನಾಲ್ಕೇ ಗಂಟೆಯ ಕಿಂಡಿಯಲ್ಲೇ ಉಂಡ. ಆಮೇಲೆ ಒಂದು ಮಧ್ಯಾಹ್ನ ತೆಪ್ಪಗೆ ಕೂತು ಎರಡನ್ನೂ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ಬಾಗಿಲ ಗಡಿಯಾರಕ್ಕೆ ಸರಿಯಾಗಿ ಹೊಂದಿಸಿ ವಾರಸುದಾರರಿಗೆ ಒಪ್ಪಿಸಿದ. ಅಂಗಡಿಯಲ್ಲಿ ಬೇರೆ ತಪ್ಪು ಗಡಿಯಾರಗಳಿರಲಿಲ್ಲವೆಂದಲ್ಲ. ಅವುಗಳತ್ತ ಕತ್ತು ತಿರುಗಿಸಿದಾಗಲೆಲ್ಲ ಬೆನ್ನ ಹಿಂದೆ ಯಾರೋ ಕೆಮ್ಮುತ್ತಿದ್ದರು.

"ಆ ಇಲಿಗಳಿಗೆ ಗಡಿಯಾರ ನೋಡೋಕೆ ಬರ್ತಿರ್ಲಿಲ್ಲ ರೀ," ಎಂದಳು ಹೆಂಡತಿ ಒಮ್ಮೆ, ಬುತ್ತಿ ಇಡುತ್ತಾ. "ಅದಕ್ಕೇ ಹೆಚ್ಚು ದಿನ ಬದುಕಿದವು."

ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು. ಸದ್ಯಕ್ಕೆ ಸೂಜಿ ಬೇಡವೆಂದರು ಡಾಕ್ಟರು.